ಅಪ್ಪನ ದನಿ ಇಟ್ಟಿದ್ದ ಕಲ್ಲು

ಹಾರ್ಡ್ ಡಿಸ್ಕ್ ಕೆಡುವ ಮೊದಲು ಒಂದು ಸದ್ದು ಮಾಡುತ್ತದೆ. ಕೈಗಡಿಯಾರವನ್ನು ಕಿವಿಗೆ ಹಿಡಿದಂತೆ ಟಿಕ್, ಟಿಕ್. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಟಿಕ್. ಮೊದಲ ಸಲ ಅದು ಏನೆಂದು ನನಗೆ ತಿಳಿಯಲಿಲ್ಲ. ಎರಡನೆಯ ಸಲ ಕೇಳಿದಾಗ ಕೈಯಲ್ಲಿದ್ದ ಚಹಾದ ಕಪ್ಪನ್ನು ಎಲ್ಲಿ ಇಟ್ಟೆನೆಂಬುದು ಇವತ್ತಿಗೂ ನೆನಪಾಗುವುದಿಲ್ಲ. ಆ ಡಬ್ಬಿಯೊಳಗೆ ಅಪ್ಪನ ದನಿ ಇತ್ತು.

ಅಪ್ಪ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದ. ಯಾದಗಿರಿಯಿಂದ ಶಹಾಪುರ, ಸುರಪುರ, ಆಚೆ ಕೊಡೇಕಲ್ ತನಕ ಆ ರಸ್ತೆಯಲ್ಲಿ ಓಡಾಡುವವರಿಗೆ ಅವನ ಮುಖಕ್ಕಿಂತ ದನಿ ಹೆಚ್ಚು ಗೊತ್ತಿತ್ತು. ಸೀಟಿ ಊದುವುದು ಅವನಿಗೆ ಸೇರುತ್ತಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು 'ಹೋಗಲಿ' ಎಂದರೆ ಡ್ರೈವರ್‌ಗೆ ಕೇಳಬೇಕು, ಬಸ್ಸು ಹೊರಡಬೇಕು. ನಿವೃತ್ತಿಯಾಗಿ ಶಹಾಪುರದ ಮನೆಯಲ್ಲಿ ಕೂತ ಮೇಲೂ ಮನೆಯೊಳಗೆ ಮೆಲ್ಲಗೆ ಮಾತಾಡುವುದು ಅವನಿಗೆ ಬರಲಿಲ್ಲ. ಒಂದು ಲೋಟ ನೀರು ಕೇಳಿದರೂ ಓಣಿಗೆ ಕೇಳುತ್ತಿತ್ತು.

ಆ ಗಂಟಲಲ್ಲಿ ಗಡ್ಡೆ ಬಂತು. ಹೈದರಾಬಾದಿನ ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ರಂಧ್ರ ಮಾಡುತ್ತಾರೆ, ಊಟ ಬಾಯಿಂದಲೇ ಮಾಡಬಹುದು, ಮಾತು ಮಾತ್ರ ಇರುವುದಿಲ್ಲ. ಅಲ್ಲಿನ ನರ್ಸ್ ಒಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, ಆಪರೇಷನ್ನಿಗೆ ಇನ್ನೂ ದಿನಗಳಿವೆ, ಬೇಕಾದ ಮಾತುಗಳನ್ನು ಈಗಲೇ ಅವರ ದನಿಯಲ್ಲಿ ತುಂಬಿಸಿಟ್ಟುಕೊಳ್ಳಿ ಎಂದಳು. ಬೇಕಾದ ಮಾತುಗಳು ಯಾವುವು ಎಂದು ಯಾದಗಿರಿ ಸ್ಟೇಷನ್ ಬರುವ ತನಕ ರೈಲಿನಲ್ಲಿ ನಾವು ಮೂವರೂ ಯೋಚಿಸಿದೆವು. ಅಪ್ಪ ಕೊನೆಗೆ ನನಗೆ ಹೇಳಿದ್ದು ಇಷ್ಟು:

"ನಿನಗ ಬರದು ತೋರಸ್ತೀನಿ ಯವ್ವಾ. ನಿಮ್ಮವ್ವಗ ಹ್ಯಾಂಗ?"

ಅವ್ವನಿಗೆ ಓದುಬರಹ ಬರುವುದಿಲ್ಲ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮರಳುವುದು ಸಂಜೆ. ಅಷ್ಟು ಹೊತ್ತೂ ಮನೆಯಲ್ಲಿ ಇರುವವರು ಅವರಿಬ್ಬರೇ.

ಮೈಕ್ ತಂದು ನಮ್ಮ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಓಣಿ ಮಲಗಿರುವ ಮಧ್ಯಾಹ್ನದ ಹೊತ್ತು ನೋಡಿ ಅಪ್ಪನ ಮಾತುಗಳನ್ನು ಒಂದೊಂದಾಗಿ ತುಂಬಿಸಿದೆ. ಚಾ ಮಾಡು. ನೀರು ಕೊಡು. ಯಾರೋ ಬಂದಾರ ನೋಡು. ಗುಳಗಿ ತೊಗೊಂಡೇನಿ. ಉಂಡಿ ಏನು ನೀನು? ಏ, ಎಲ್ಲಿದ್ದೀ, ಜರಾ ಬಾ ಇಲ್ಲಿ. ಅಪ್ಪನ ಹಟಕ್ಕೆ ಒಂದು ಕೀಲಿಗೆ ಬಸ್ಸಿನ ಕೂಗನ್ನೂ ಹಾಕಿದೆ: ಭೀಮರಾಯನಗುಡಿ, ಹತ್ತಿಗೂಡೂರ, ಸುರಪುರ. ಅವನ ಬೆರಳುಗಳು ನಡುಗುತ್ತವೆ, ಮೊಬೈಲಿನ ಗಾಜು ಅವಕ್ಕೆ ಒಗ್ಗುವುದಿಲ್ಲ. ಅದಕ್ಕೇ ಕೀಬೋರ್ಡಿನ ಒಂದೊಂದು ಕೀಲಿಗೂ ಚೀಟಿ ಅಂಟಿಸಿದೆ. ಕೀಲಿ ಒತ್ತಿದರೆ ಮಾತು ಬರಬೇಕು. ಶಾಲೆಯ ಕೆಲಸಕ್ಕೆ ನನಗೆ ಬೇರೆ ಕೀಬೋರ್ಡ್ ಇಟ್ಟುಕೊಂಡೆ.

ಆಪರೇಷನ್ ಮುಗಿಸಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದ ಅಪ್ಪ ಮೊದಲ ಬೆಳಿಗ್ಗೆಯೇ ಕಂಪ್ಯೂಟರಿನ ಮುಂದೆ ಕೂತ. ಕೀಲಿ ಒತ್ತಿದ.

"ಏ, ಎಲ್ಲಿದ್ದೀ, ಜರಾ ಬಾ ಇಲ್ಲಿ."

"ಬಂದ್ನಿ ತಡೀರಿ," ಎಂದಳು ಅವ್ವ ಒಳಗಿನಿಂದ. ಹಾಗೆ ಅಂದ ಮೇಲೆ ಅವಳಿಗೆ ಹೊಳೆಯಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅಪ್ಪ ತಿರುಗಿ ನೋಡಿ ಇನ್ನೊಂದು ಕೀಲಿ ಒತ್ತಿದ. "ಚಾ ಮಾಡು."

"ನಾ ಏನೋ ಅನ್ಕೊಂಡೆ. ಈಗರ ಬಾಯಿ ಬಂದಾದ ಅಂದ್ರ, ಮೊದಲ ಚಾ ಕೇಳ್ತಾರ ನೋಡು," ಎಂದು ಅವಳು ನನ್ನ ಕಡೆ ನೋಡಿ ನಕ್ಕಳು.

ಅವ್ವನ ಕೈ ಹಿಟ್ಟಾಗಿತ್ತು ಎಂದೆ. ಬೆಳಿಗ್ಗೆ ಅವಳದು ರೊಟ್ಟಿಯ ಕೆಲಸ. ನಮ್ಮ ಮೂವರ ರೊಟ್ಟಿಗೆ ಅಷ್ಟು ಹೊತ್ತು ಬೇಕಿಲ್ಲ, ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೂ ಅವಳೇ ರೊಟ್ಟಿ ಮಾಡಿ ಕಳಿಸುತ್ತಾಳೆ. ಮೊಣಕಾಲು ನೋವಿನಿಂದ ನೆಲದ ಮೇಲೆ ಕೂತು ಬಡಿಯಲು ಆಗದೆ ಹೋದಾಗ ಅಪ್ಪ ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವ ಕಟ್ಟೆ ಕಟ್ಟಿಸಿದ್ದ. ಅದಕ್ಕೆ ಹಾಕಿದ್ದು ಪರಸಿ. ನಮ್ಮ ಕಡೆ ನೆಲಕ್ಕೂ ಕಟ್ಟೆಗೂ ಹಾಸುವ ಚಪ್ಪಡಿ ಕಲ್ಲು. ಬಂದ ಪರಸಿ ಅಡುಗೆಮನೆಗಿಂತ ಉದ್ದವಿತ್ತು. ಕಟ್ಟೆ ಕಟ್ಟುತ್ತಿದ್ದ ಗೌಂಡಿ ಕತ್ತರಿಸುತ್ತೇನೆ ಎಂದ. ಅಪ್ಪ ಬಿಡಲಿಲ್ಲ. ಒಲೆ ಇಡುವ ಕಲ್ಲನ್ನು ಒಡೆಯಬಾರದು ಎಂಬುದು ಅವನ ತಾಯಿಯಿಂದ ಬಂದ ಮಾತು. ಕೊನೆಗೆ ನಡುವಿನ ಗೋಡೆಯನ್ನೇ ಒಡೆದು ಕಲ್ಲನ್ನು ಈ ಕಡೆಗೆ ತೂರಿಸಿದರು. ಗೋಡೆಯಾಚೆಯ ಅರ್ಧ ಅವ್ವನ ಒಲೆಕಟ್ಟೆಯಾಯಿತು. ಈಚೆ ನಡುಮನೆಯಲ್ಲಿ ಉಳಿದ ಅರ್ಧ ಮೇಜಿನ ಎತ್ತರಕ್ಕೆ ಸರಿಯಾಗಿ ಬಂತು. ಅದರ ಮೇಲೆ ಕಂಪ್ಯೂಟರ್ ಇಟ್ಟೆವು. ಮೇಜಿನ ಖರ್ಚು ಉಳಿಯಿತೆಂದು ಬಂದವರಿಗೆಲ್ಲ ಅಪ್ಪ ಆ ಕಲ್ಲನ್ನು ತಟ್ಟಿ ತೋರಿಸುತ್ತಿದ್ದ.

ಮೊದಲ ಡಿಸ್ಕ್ ಕೆಟ್ಟದ್ದು ಅಪ್ಪ ಬಂದು ಕೆಲವು ವಾರಗಳಾದ ಮೇಲೆ. ಅವನು ನೀರಿನ ಕೀಲಿ ಒತ್ತಿದ. 'ನೀ' ಎಂದಷ್ಟೇ ಬಂದು ನಿಂತಿತು. ಮತ್ತೆ ಒತ್ತಿದ. ಪರದೆ ನೀಲಿಯಾಯಿತು. ಆಗ ಆ ಟಿಕ್ ಟಿಕ್ ಕೇಳಿದೆ. ಡಬ್ಬಿಯನ್ನು ಆಟೋದಲ್ಲಿಟ್ಟು ಊರೊಳಗಿನ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅಂಗಡಿಯವನು ನನ್ನ ವಯಸ್ಸಿನವನೇ, ಚಿಕ್ಕವನಿದ್ದಾಗ ಅಪ್ಪನ ಬಸ್ಸಿನಲ್ಲಿ ಸುರಪುರದ ಕಾಲೇಜಿಗೆ ಹೋಗುತ್ತಿದ್ದವನು. ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದ.

"ಹಳೇದದ ಟೀಚರ್ರ. ವಯಸ್ಸಾಗ್ಯಾದ. ಇದರಾಗ ಏನದ?"

"ಅಪ್ಪನ ಮಾತು."

ಅವನು ಕೆಲಸ ಬಿಟ್ಟು ಅದನ್ನೇ ಹಿಡಿದು ಕೂತ. ಸಂಜೆಯ ಹೊತ್ತಿಗೆ ಎಲ್ಲ ಹೊರಗೆ ಬಂದಿತ್ತು. ಹೊಸ ಡಿಸ್ಕ್ ಹಾಕಿದ. ಜೊತೆಗೆ ಇನ್ನೊಂದನ್ನೂ ಅದೇ ಡಬ್ಬಿಯಲ್ಲಿ ಕೂರಿಸಿ, ಎಲ್ಲವನ್ನೂ ಎರಡರಲ್ಲೂ ಇಟ್ಟ. "ಒಂದು ಹೋದ್ರ ಒಂದದ. ಎರಡೂ ಒಮ್ಮೆ ಹೋಗಾಂಗಿಲ್ಲ. ಕಂಡಕ್ಟರ್ ಸಾಹೇಬ್ರಿಗಿ ಹೇಳ್ರಿ, ಡಬಲ್ ಬೆಲ್ ಹೊಡದೇನಂತ."

ನನಗೂ ಸಮಾಧಾನವಾಯಿತು. ಗಣಿತ ಕಲಿಸುವ ನನಗೂ ಎರಡು ಎಂಬುದು ಸುರಕ್ಷಿತ ಸಂಖ್ಯೆಯಾಗಿ ಕಂಡಿತು.

ಹೊಸ ಡಿಸ್ಕ್ ಮಳೆಗಾಲ ಮುಗಿಯುವುದರೊಳಗೆ ಕೆಟ್ಟಿತು. ಹೊಸದು ಅಷ್ಟು ಬೇಗ ಕೆಡಬಾರದು. ಅಂಗಡಿಯವನಿಗೆ ನಂಬಿಕೆಯಾಗಲಿಲ್ಲ. ಕಂಪನಿಯವರು ಅದಕ್ಕೆ ಬದಲು ಇನ್ನೊಂದು ಕೊಟ್ಟರು. ಎರಡನೆಯದರಲ್ಲಿ ಮಾತುಗಳು ಇದ್ದವು, ಅದರಿಂದ ಮತ್ತೆ ತುಂಬಿಸಿದ. ಕಾರಣ ಹುಡುಕಲು ಡಬ್ಬಿಯನ್ನು ಅಂಗಡಿಯಲ್ಲೇ ಇಟ್ಟುಕೊಂಡು, ಹಗಲೆಲ್ಲ ಚಾಲೂ ಇಟ್ಟು ನೋಡಿದ. ಏನೂ ಆಗಲಿಲ್ಲ. ಆ ದಿನಗಳಲ್ಲಿ ಅಪ್ಪ ಲೋಟದಿಂದ ಕಲ್ಲನ್ನು ಕುಟ್ಟಿ ಅವ್ವನನ್ನು ಕರೆಯುತ್ತಿದ್ದ. ಅವಳು ಬಂದು ನೀರೇ, ಚಾವೇ, ಹಾಸಿಗೆಯೇ ಎಂದು ಒಂದೊಂದಾಗಿ ಕೇಳಬೇಕು. ಅವನು ಅಲ್ಲ, ಅಲ್ಲ ಎಂದು ಕೈಯಾಡಿಸಬೇಕು. ಒಂದು ಸಲ ಅವನು ಸಿಟ್ಟಿನಿಂದ ಲೋಟ ಎಸೆದದ್ದನ್ನು, ಅವ್ವ ಅದನ್ನು ಎತ್ತಿ ತೊಳೆದು ಮತ್ತೆ ಅವನ ಕೈಯಲ್ಲೇ ಇಟ್ಟದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಡಬ್ಬಿ ತಿರುಗಿ ತಂದುಕೊಡಲು ಅಂಗಡಿಯವನೇ ಮನೆಗೆ ಬಂದ. ಮಧ್ಯಾಹ್ನವಾಗಿತ್ತು. ಪ್ಲಗ್ಗು ಬಿಚ್ಚಿ ಕರೆಂಟು ಅಳೆದ.

"ನಮ್ಮ ಅಂಗಡ್ಯಾಗ ಇದ್ರ ರಾಜಾ ಇದ್ದಂಗ ಇರ್ತದ. ನಿಮ್ಮನಿಗಿ ಬಂತಂದ್ರ ಬ್ಯಾನಿ ಬೀಳ್ತದ. ತವರಮನ್ಯಾಗ ಆರಾಮ, ಗಂಡನ ಮನ್ಯಾಗ ಜ್ವರ," ಎಂದ.

ಅವ್ವ ಚಹಾ ತಂದಿದ್ದಳು. "ಅಂದ್ರ ಅತ್ತಿ ಕಾಟ ಅಂತಿ ಏನಪಾ?"

"ನಾ ಹಂಗ ಅಂದಿಲ್ರಿ ಅವ್ವಾರ. ಚಾ ಕೊಡೋ ಮುಂದ ಹ್ಯಾಂಗ ಅನ್ಲಿ."

ಅಪ್ಪನ ಭುಜಗಳು ಅಲುಗಿದವು. ಅವನಿಗೆ ನಗಲು ಇಷ್ಟೇ ಉಳಿದಿತ್ತು.

ತಪ್ಪು ಮನೆಯಲ್ಲಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಮನೆಯಲ್ಲಿ ಏನು ಎಂದು ತಿಳಿಯಲು ನಾವು ಒಂದೊಂದೇ ಕಾರಣವನ್ನು ತೆಗೆದುಹಾಕುತ್ತ ಹೋದೆವು. ಕರೆಂಟು ಏರಿಳಿಯುತ್ತದೆ ಎಂದು ಯುಪಿಎಸ್ ತಂದೆವು. ಅರ್ಥಿಂಗ್ ಸರಿಯಿಲ್ಲ ಎಂದು ಹಿತ್ತಲಲ್ಲಿ ಗುಂಡಿ ತೋಡಿಸಿ ಉಪ್ಪು, ಇದ್ದಿಲು ತುಂಬಿಸಿದೆವು. ಅಪ್ಪ ಗಿಡಕ್ಕೆ ಹಾಕಿದಂತೆ ಅದಕ್ಕೆ ದಿನಾ ನೀರು ಹಾಕಿದ. ಕರೆಂಟಿನ ಪೆಟ್ಟಿಗೆ ಬದಲಾಯಿತು, ವೈರು ಬದಲಾಯಿತು. ಡಬ್ಬಿ ತೆಗೆದು ನೋಡಿದಾಗ ಒಳಗೆ ಜೋಳದ ಹಿಟ್ಟು ತೆಳ್ಳಗೆ ಕೂತಿತ್ತು. ಇದೇ ಇರಬೇಕು ಎಂದುಕೊಂಡು ಅದನ್ನೆಲ್ಲ ಊದಿ ತೆಗೆದು, ಅಡುಗೆಮನೆಯ ಬಾಗಿಲಿಗೆ ಪರದೆ ಕಟ್ಟಿದೆ. ಪಕ್ಕದ ಮನೆಯ ಅತ್ತೆ ಬಂದು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿಹೋದಳು. ಅದನ್ನೂ ಬಿಚ್ಚಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಬೆಳಿಗ್ಗೆ, ನಾನು ಹೆರಳು ಹಾಕಿಕೊಳ್ಳುತ್ತಿದ್ದಾಗ, ಅಪ್ಪ ಬಂದು ನನ್ನ ತೋಳು ಹಿಡಿದು ಎಳೆದ. ಡಬ್ಬಿಯೊಳಗೆ ಟಿಕ್ ಟಿಕ್ ಕೇಳಿಸುತ್ತಿತ್ತು. ಕೂತು ಕೇಳಿದೆ. ಸದ್ದು ಒಂದಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು. ಎರಡೂ ಡಿಸ್ಕುಗಳು ಬಡಿದುಕೊಳ್ಳುತ್ತಿದ್ದವು. ಸ್ವಿಚ್ಚು ಆರಿಸಿದೆ. ಆರಿಸಿದ ಮೇಲೂ ಅಪ್ಪ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿದ: ಚಾ, ನೀರು, ಗುಳಗಿ, ಬಾ.

ಈ ಸಲ ಶಹಾಪುರದಲ್ಲಿ ಏನೂ ಹೊರಗೆ ಬರಲಿಲ್ಲ. ಅಂಗಡಿಯವನು ಚೇಷ್ಟೆ ಮಾಡಲಿಲ್ಲ. ಹೈದರಾಬಾದಿನಲ್ಲಿ ಡಿಸ್ಕನ್ನೇ ಬಿಚ್ಚಿ ಒಳಗಿನದನ್ನು ತೆಗೆಯುವವರು ಇದ್ದಾರೆ, ಧೂಳಿಲ್ಲದ ಕೋಣೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಾಡುತ್ತಾರೆ ಎಂದ. ಅಪ್ಪನನ್ನು ಕರೆದೊಯ್ದ ರೈಲಿನಲ್ಲೇ ಎರಡು ಡಿಸ್ಕುಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಒಯ್ದೆ. ಅವರು ಡಾಕ್ಟರರ ಹಾಗೆಯೇ, ನೋಡೋಣ, ಮಾತು ಕೊಡುವುದಿಲ್ಲ ಎಂದರು.

ಕೆಲವು ವಾರಗಳ ಮೇಲೆ ಒಂದು ಪೆನ್ ಡ್ರೈವ್ ಬಂತು. ಅದನ್ನು ಅಂಗಡಿಯಲ್ಲೇ ತೆರೆದೆವು. ನಾನು ಚೀಟಿ ಅಂಟಿಸಿದ್ದ ಮಾತುಗಳಲ್ಲಿ ಒಂದೂ ಇರಲಿಲ್ಲ. ಫೈಲುಗಳ ಹೆಸರುಗಳು ಇದ್ದವು, ಒತ್ತಿದರೆ ಗೊರಗೊರ ಸದ್ದು. ಇಡಿಯಾಗಿ ಉಳಿದದ್ದು ಒಂದೇ. ಮೈಕ್ ತಂದ ಮೊದಲ ದಿನ ಬೆಳಿಗ್ಗೆ, ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಚಾಲೂ ಮಾಡಿ, ಹಾಗೆಯೇ ಬಿಟ್ಟು ಬಸ್ಸಿಗೆ ಓಡಿದ್ದೆ. ಕೆಲಸಕ್ಕೆ ಬಾರದ ಆ ಉದ್ದನೆಯ ರೆಕಾರ್ಡಿಂಗನ್ನು ಅಳಿಸುವುದು ಮರೆತುಹೋಗಿತ್ತು.

ಅಂಗಡಿಯವನು ಅದನ್ನು ದೊಡ್ಡ ಸ್ಪೀಕರಿಗೆ ಹಾಕಿದ. ಮದುವೆ ಮನೆಗಳಿಗೆ ಬಾಡಿಗೆ ಕೊಡುವ, ಟೊಂಕದೆತ್ತರದ ಸ್ಪೀಕರು ಅದು. ಮನೆಯಲ್ಲಿದ್ದವು ಅಂಗೈಯಗಲದವು.

"ಚಾಲೂ ಆಗ್ಯಾದೇನ ಯವ್ವಾ?" ಎಂದ ಅಪ್ಪ. ಅಂಗಡಿಗೆ ಬಂದಿದ್ದ ಗಿರಾಕಿಯೊಬ್ಬ ತಿರುಗಿ ನೋಡಿದ. ನಾನು ಕುರ್ಚಿಯ ತೋಳು ಹಿಡಿದುಕೊಂಡೆ. ಅಷ್ಟು ದಿನ ಆದ ಮೇಲೆ ಆ ದನಿ ಪೂರ್ತಿ ಗಾತ್ರದಲ್ಲಿ ಕೇಳಿತ್ತು.

ಅದರ ಜೊತೆಗೇ ಬೇರೊಂದು ಸದ್ದಿತ್ತು. ಧಪ್, ಧಪ್, ಧಪ್. ಕೌಂಟರಿನ ಗಾಜು ನಡುಗಿತು. ಗಾಜಿನ ಮೇಲಿದ್ದ ಸ್ಕ್ರೂಗಳು ಉರುಳಿ ಒಂದು ಮೂಲೆಗೆ ಸೇರಿದವು.

"ಯಾರೋ ಗ್ವಾಡಿಗಿ ಮೊಳಿ ಹೊಡ್ಯಾಕತ್ತಾರಲ್ಲ?" ಎಂದ ಅಂಗಡಿಯವನು.

ನಾನು ಕಿವಿಗೊಟ್ಟೆ. ಧಪ್ ಧಪ್ ಧಪ್, ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ತವದ ಮೇಲೆ ನೀರು ಸವರಿದ ಚುಯ್ ಎಂಬ ಸಣ್ಣ ಸದ್ದು. ಮತ್ತೆ ಧಪ್ ಧಪ್. ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ಕೇಳಿದ್ದ ಸದ್ದು. ಕೇಳಿ ಕೇಳಿ, ಅದು ಸದ್ದೆಂದು ಯಾವತ್ತೋ ಮರೆತುಹೋಗಿತ್ತು.

"ಮೊಳಿ ಅಲ್ಲ. ರೊಟ್ಟಿ," ಎಂದೆ.

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಸ್ಪೀಕರಿನ ಸದ್ದು ತಗ್ಗಿಸಿದ. "ಮೈಕ್ ಎಲ್ಲಿ ಇಟ್ಟಿದ್ರಿ?"

"ಕಲ್ಲಿನ ಮ್ಯಾಲ."

"ಡಬ್ಬಿ?"

"ಅದೇ ಕಲ್ಲಿನ ಮ್ಯಾಲ."

"ಅವ್ವಾರು ರೊಟ್ಟಿ ಬಡಿಯೋದು?"

ಅವನು ಅಂಗಡಿಯಲ್ಲೇ ಇದ್ದ ನಮ್ಮ ಡಬ್ಬಿಯನ್ನು ಮಗುಚಿ ತೋರಿಸಿದ. ಅಡಿಯ ರಬ್ಬರಿನ ಕಾಲುಗಳು ಯಾವಾಗಲೋ ಉದುರಿಹೋಗಿ, ತಗಡು ಬೋಳಾಗಿತ್ತು. ಡಿಸ್ಕಿನ ಒಳಗೆ ತಟ್ಟೆ ಗಿರ್ರನೆ ತಿರುಗುತ್ತಿರುತ್ತದೆ, ಓದುವ ಮುಳ್ಳು ಅದನ್ನು ಮುಟ್ಟದೆ ಕೂದಲೆಳೆಗಿಂತ ಕಡಿಮೆ ಎತ್ತರದಲ್ಲಿ ಆಡುತ್ತಿರುತ್ತದೆ, ಪೆಟ್ಟು ಬಿದ್ದರೆ ಮುಳ್ಳು ತಟ್ಟೆಯನ್ನು ಗೀರುತ್ತದೆ ಎಂದು ಅವನು ಮೆಲ್ಲಗೆ ವಿವರಿಸಿದ. ಒಂದು ಸಲ ಪೆಟ್ಟು ಬಿದ್ದರೆ ಏನೂ ಆಗದು, ದಿನಾ ಬಿದ್ದರೆ ಆಗುತ್ತದೆ. ಅವನು ಮನೆಗೆ ಬಂದದ್ದು ಮಧ್ಯಾಹ್ನ. ನಾನು ಮಾತು ತುಂಬಿಸಿದ್ದೂ ಮಧ್ಯಾಹ್ನ. ಬೆಳಿಗ್ಗೆ ರೊಟ್ಟಿಯ ಹೊತ್ತಿಗೆ ಡಬ್ಬಿ ಚಾಲೂ ಇಡುತ್ತಿದ್ದವನು ಅಪ್ಪ ಒಬ್ಬನೇ. ಅವ್ವ ಕಲ್ಲಿನ ಆ ತುದಿಯಲ್ಲಿ ಬಡಿಯುತ್ತಿರುವಾಗಲೇ ಅವನು ಈ ತುದಿಯಲ್ಲಿ ಕೂತು ಅವಳನ್ನು ಕರೆಯುತ್ತಿದ್ದ.

ಮನೆಗೆ ಹೋಗಿ ನಾನು ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನಡುಮನೆಯ ಕಲ್ಲಿನ ಮೇಲೆ, ಡಬ್ಬಿ ಇರುತ್ತಿದ್ದ ಜಾಗದಲ್ಲಿ, ತಂಬಿಗೆಯ ತುಂಬ ನೀರು ಇಟ್ಟು ಬಗ್ಗಿ ನೋಡಿದೆ. ನೀರು ನಿಂತಿತ್ತು. ಒಳಗೆ ಅವ್ವ ಮೊದಲ ಉಂಡೆ ಎತ್ತಿಕೊಂಡಳು. ಮೊದಲ ಪೆಟ್ಟಿಗೆ ನೀರಿನ ನಡುವಿನಿಂದ ಒಂದು ಉಂಗುರ ಎದ್ದು ಅಂಚಿಗೆ ಹೋಯಿತು. ಅದು ಅಂಚು ಮುಟ್ಟುವ ಮೊದಲೇ ಇನ್ನೊಂದು ಎದ್ದಿತು. ಆಮೇಲೆ ನೀರಿನ ಮೈಯೆಲ್ಲ ಸಣ್ಣಗೆ ನಡುಗುತ್ತಲೇ ಇತ್ತು. ರೊಟ್ಟಿ ತವಕ್ಕೆ ಬಿದ್ದಾಗ ನಿಂತಿತು. ನಾನು ಅಲ್ಲಿಂದ ಏಳಲಿಲ್ಲ. ನನ್ನ ಕಣ್ಣೆದುರಿಗೆ ಆಗುತ್ತಿರುವುದನ್ನು ಒಪ್ಪಿಕೊಳ್ಳಲು ನನಗೆ ಇನ್ನೂ ಒಂದು ರೊಟ್ಟಿ ಬೇಕಿತ್ತು, ಆಮೇಲೆ ಇನ್ನೂ ಒಂದು.

ಎಷ್ಟೋ ಹೊತ್ತಿಗೆ ತಲೆ ಎತ್ತಿದರೆ ಅಪ್ಪ ನನ್ನ ಹಿಂದೆ ನಿಂತಿದ್ದ. ಅವನೂ ತಂಬಿಗೆಯನ್ನೇ ನೋಡುತ್ತಿದ್ದ. ಬಸ್ಸು ಯಾವ ಗುಂಡಿಗೆ ಎಷ್ಟು ಜಿಗಿಯುತ್ತದೆ ಎಂಬುದನ್ನು ಜೀವಮಾನವಿಡೀ ಕಾಲಿನಲ್ಲಿ ತಿಳಿದವನು; ಅವನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಅವ್ವ ಪರದೆ ಸರಿಸಿ ಇಣುಕಿದಳು. "ಏನ್ ನೋಡಾಕತ್ತೀರಿ ಇಬ್ಬರೂ? ನೀರಾಗ ಏನರ ಬಿದ್ದದೇನ?"

"ಏನಿಲ್ಲವ್ವ."

"ಏನಿಲ್ಲ ಅಂದ್ರ ಮಾರಿ ಯಾಕ ಹಂಗ ಮಾಡೀರಿ?"

ಹೇಳದೆ ಬಿಡಬಹುದಿತ್ತು. ಮೇಜು ತಂದು ಡಬ್ಬಿಯನ್ನು ಅದರ ಮೇಲಿಟ್ಟರೆ ಮುಗಿಯುತ್ತಿತ್ತು. ಆದರೆ ಅವಳು ಬಂದು ನಮ್ಮ ಜೊತೆ ಬಗ್ಗಿ ನೀರು ನೋಡಿದಳು. ನೀರು ನಿಂತಿತ್ತು, ಅವಳು ಇಲ್ಲಿದ್ದಳಲ್ಲ. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ನಾನು ಹೇಳಿದೆ. ಅಂಗಡಿಯವನು ನನಗೆ ಹೇಳಿದಷ್ಟೇ, ಅಷ್ಟೇ ಮೆಲ್ಲಗೆ.

ಅವಳು ಅಳಲಿಲ್ಲ. ಒಂದು ಪ್ರಶ್ನೆ ಕೇಳಿದಳು.

"ಎಷ್ಟ್ ರೊಟ್ಟಿಗಿ ಒಂದು ಮಾತು ಹೋಗಿರಬೇಕು?"

ನಾನು ತಂಬಿಗೆಯನ್ನು ಕಲ್ಲಿನ ಮೇಲಿಂದ ಎತ್ತಿದೆ.

"ಆ ಅಂಗಡಿಯಂವ ಚೇಷ್ಟಿ ಮಾಡಿದಾಗ ನಾ ಅತ್ತಿ ಕಾಟ ಅಂದಿದ್ದೆ. ಖರೆ ಆತು ನೋಡು," ಎಂದು ಅವಳು ಒಳಗೆ ಹೋಗಿ ಒಲೆ ಆರಿಸಿದಳು.

ಅಪ್ಪ ಅವಳ ಹಿಂದೆಯೇ ಹೋದ. ಕಟ್ಟೆಯ ಮೇಲೆ ಹಿಟ್ಟು ಹರಡಿತ್ತು. ಅವನು ಬೆರಳಿನಿಂದ ಆ ಹಿಟ್ಟಿನಲ್ಲಿ, ಟಿಕೆಟಿನ ಹಿಂದೆ ಚಿಲ್ಲರೆ ಬಾಕಿ ಬರೆದುಕೊಡುತ್ತಿದ್ದ ಅದೇ ದಪ್ಪ ಅಕ್ಷರದಲ್ಲಿ ಬರೆದ. ಬರೆದು ಅವಳ ರಟ್ಟೆ ಹಿಡಿದು ತೋರಿಸಿದ. ಅವಳು ಅಕ್ಷರ ನೋಡಿದಳು, ಅವನನ್ನು ನೋಡಿದಳು.

"ಏನಂತಾರ?" ಎಂದು ನನ್ನನ್ನು ಕೇಳಿದಳು.

ನಾನು ಓದಿದೆ. "ಕಲ್ಲು ಒಡಿಬ್ಯಾಡ ಅಂದಂವ ನಾನು."

"ಹೌದು, ನೀವೇ," ಎಂದಳು ಅವ್ವ. ಅಷ್ಟು ಹೇಳಿ ಅಂಗೈಯಿಂದ ಹಿಟ್ಟನ್ನು ಒರೆಸಿ ಬುಟ್ಟಿಗೆ ಹಾಕಿದಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ನಿಂತಿತು. ಖಾನಾವಳಿಯವರಿಗೆ ಕೈನೋವು ಎಂದು ಹೇಳಿ ಕಳಿಸಿದಳು. ಬಡಗಿಯಿಂದ ಮೇಜು ಮಾಡಿಸಿ, ಕಲ್ಲಿನಿಂದ ದೂರ, ಎದುರು ಗೋಡೆಯ ಕಡೆ ಹಾಕಿದೆ. ಅದರ ಕಾಲುಗಳ ಕೆಳಗೆ ಗೋಣಿತಟ್ಟು ಮಡಚಿ ಇಟ್ಟೆ. ಹೊಸ ಡಿಸ್ಕ್ ಹಾಕಿ, ಉಳಿದ ಆ ಒಂದು ರೆಕಾರ್ಡಿಂಗಿನ ಇನ್ನೊಂದು ಪ್ರತಿಯನ್ನು ಶಾಲೆಯ ಬೀರುವಿನಲ್ಲಿ, ಮತ್ತೊಂದನ್ನು ಅಂಗಡಿಯಲ್ಲಿ ಇಟ್ಟೆ. ಇನ್ನು ಬಡಿ ಅವ್ವ, ಏನೂ ಆಗುವುದಿಲ್ಲ ಎಂದೆ.

"ಸುತ್ತ ಎಲ್ಲಾ ಗದ್ದಿನೇ ಆಗ್ಯಾವ. ನೆಲ್ಲ ಬೆಳಿಯೋ ಊರಾಗ ಇದ್ದು ಅನ್ನ ಉಂಡ್ರ ಏನಾತು?" ಎಂದಳು.

ಅಪ್ಪ ಅನ್ನ ಉಣ್ಣುವವನಲ್ಲ. ಆಪರೇಷನ್ನಿನ ಮೇಲೂ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದ. ಈಗ ತಟ್ಟೆಯ ಅಂಚಿಗೆ ಅನ್ನ ಸರಿಸಿ ಸರಿಸಿ ಎದ್ದುಬಿಡುತ್ತಿದ್ದ. ಅವನಿಗೆ ರೊಟ್ಟಿ ಕೇಳಲು ಬಾಯಿಲ್ಲ. ಕೇಳಿಸಿಕೊಂಡು ಒಲ್ಲೆ ಎನ್ನುವ ಕಷ್ಟ ಅವಳಿಗಿಲ್ಲ. ಲೋಟ ಕುಟ್ಟುವುದನ್ನೂ ಅವನು ಬಿಟ್ಟಿದ್ದ. ಕಲ್ಲಿನ ಮೇಲೆ ಈಗ ಏನೂ ಇಲ್ಲದಿದ್ದರೂ ಲೋಟ ಇಡುವಾಗ ಸದ್ದಾಗದಂತೆ ಇಡುತ್ತಿದ್ದ. ಅಷ್ಟು ನಿಶ್ಶಬ್ದವಾದ ಮನೆಗೆ ಸಂಜೆ ಬರಲು ನನಗೆ ಹೆದರಿಕೆಯಾಗುತ್ತಿತ್ತು.

ಒಂದು ರಜೆಯ ದಿನ ಉಳಿದ ಆ ರೆಕಾರ್ಡಿಂಗನ್ನು ತೆರೆದು, ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಅದರಿಂದ ಕೀಲಿಗೆ ಹಾಕಬಹುದಾದ ಮಾತುಗಳನ್ನು ಕತ್ತರಿಸಿಕೊಳ್ಳಬೇಕಿತ್ತು. ಹೆಚ್ಚೇನೂ ಇರಲಿಲ್ಲ. ಮೊದಲು ಅಪ್ಪನ ದನಿ.

"ಏನರ ಮಾತಾಡು ಅಂದು ಹೋಗ್ಯಾಳ. ಒಬ್ಬಂವ ಏನ್ ಮಾತಾಡ್ಲಿ?"

ಹಿಂದಿನಿಂದ ಅವ್ವನ ದನಿ. "ಬಸ್ಸಿನ್ಯಾಗ ಒದರೀದ್ದು ಸಾಲಿಲ್ಲೇನ್ರಿ? ಒದರ್ರಿ."

"ನೀರ್ ಕೊಡು."

"ಕೈ ಹಿಟ್ಟಾಗ್ಯಾದ. ಎದ್ದು ತೊಗೊಳ್ರಿ."

"ಇರ್ಲಿ ಬಿಡು. ಸಾಕು."

ಆಮೇಲೆ ಅಪ್ಪ ಎದ್ದು ಹೋದ ಸದ್ದು, ಆಮೇಲೆ ಬರೀ ರೊಟ್ಟಿ. ನೀರ್ ಕೊಡು, ಇರ್ಲಿ ಬಿಡು, ಸಾಕು, ಇವಿಷ್ಟನ್ನು ತೆಗೆದುಕೊಂಡೆ. ಒಂದೊಂದರ ಹಿಂದೆಯೂ ಧಪ್ ಧಪ್ ಇತ್ತು, ಅದನ್ನು ಬೇರೆ ಮಾಡಲು ನನಗೆ ಬರಲಿಲ್ಲ. ಅವ್ವನನ್ನು ಕರೆಯುವ ಮಾತು ಎಲ್ಲಿಯೂ ಇರಲಿಲ್ಲ. ಅವತ್ತು ಅವಳು ಗೋಡೆಯಾಚೆಯೇ ಇದ್ದಳು, ಕರೆಯುವ ಅಗತ್ಯ ಬಿದ್ದಿರಲಿಲ್ಲ.

ನಿಲ್ಲಿಸಲು ಹೋದೆ. ಅಪ್ಪ ನನ್ನ ಕೈ ಹಿಡಿದ. ಬರೀ ರೊಟ್ಟಿಯ ಸದ್ದನ್ನು ಕೇಳುತ್ತ ಕೂತ. ಒಂದು ಕಡೆ ಬೆರಳು ಎತ್ತಿದ, ಇಲ್ಲಿಂದ. ಒಂದು ರೊಟ್ಟಿ ಪೂರ್ತಿಯಾಗಿ, ಚುಯ್ ಎಂಬುದರ ತನಕ ಬಂದಾಗ ಮತ್ತೆ ಎತ್ತಿದ, ಇಲ್ಲಿಗೆ. ಅಷ್ಟನ್ನು ಕತ್ತರಿಸಿದೆ. ಮೊದಲು 'ಬಾ' ಎಂದಿದ್ದ ಕೀಲಿಯ ಚೀಟಿ ಕಿತ್ತು, ಅವನು ಹೊಸ ಚೀಟಿಯ ಮೇಲೆ ದುಂಡಗೆ ಒಂದು ಗೆರೆ ಎಳೆದು ಅಂಟಿಸಿದ. ನನ್ನನ್ನು ಕೇಳಲಿಲ್ಲ. ಸ್ಪೀಕರನ್ನು ಅಡುಗೆಮನೆಯ ಕಡೆಗೆ ತಿರುಗಿಸಿ ಒತ್ತಿದ.

ಅವ್ವ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದಳು. ಮೊರದ ಸದ್ದು ನಿಂತಿತು.

ಅಪ್ಪ ಮತ್ತೆ ಒತ್ತಿದ.

"ಯಾರದು ಬಡಿಯಾಕತ್ತಿದ್ದು?" ಎನ್ನುತ್ತ ಅವಳು ಮೊಣಕಾಲು ಹಿಡಿದುಕೊಂಡು ಬಾಗಿಲಿಗೆ ಬಂದಳು. "ನಾ ಇಲ್ಲೇ ಕುಂತೀನಿ."

ಅವನು ಉತ್ತರವೆಂಬಂತೆ ಇನ್ನೊಮ್ಮೆ ಒತ್ತಿದ. ಅವಳು ನಿಂತು ಪೂರ್ತಿ ಕೇಳಿದಳು. ತನ್ನ ಕೈಯ ಸದ್ದನ್ನು ಅವಳು ಯಾವತ್ತೂ ಈಚೆ ನಿಂತು ಕೇಳಿದವಳಲ್ಲ. ಮುಗಿದ ಮೇಲೆ, ದುಂಡನೆಯ ಗೆರೆಯಿದ್ದ ಆ ಕೀಲಿಯನ್ನು ಬಗ್ಗಿ ನೋಡಿದಳು.

"ಇದು ನನಗೂ ಓದಾಕ ಬರ್ತದ," ಎಂದಳು. ಆಮೇಲೆ ಅಪ್ಪನಿಗೆ, "ಇಷ್ಟು ಜೋರ ಬಡಿತೀನೇನ್ರಿ ನಾನು? ಒಬ್ಬರರ ಹೇಳಬಾರದಾ?"

ಅಪ್ಪ ಇನ್ನೊಂದು ಕೀಲಿ ಹುಡುಕಿದ. "ಇರ್ಲಿ ಬಿಡು."

ಅವಳು ಒಳಗೆ ಹೋದಳು. ಅಕ್ಕಿಯ ಮೊರವನ್ನು ಬದಿಗಿಟ್ಟದ್ದು ಕೇಳಿಸಿತು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು. ಅಪ್ಪ ಕುರ್ಚಿಗೆ ಒರಗಿದ. ನಾನು ಎದ್ದು ಹೋಗಿ ಒಂದು ಕೈಯನ್ನು ಹಳೆಯ ಕಲ್ಲಿನ ಮೇಲೆ ಇಟ್ಟೆ, ಇನ್ನೊಂದನ್ನು ಹೊಸ ಮೇಜಿನ ಮೇಲೆ ಇಡಲು ಎಷ್ಟು ಚಾಚಿದರೂ ಎಟುಕಲಿಲ್ಲ. ಮರಳಿ ಮೇಜಿನ ಹತ್ತಿರ ಹೋಗಿ ಎರಡೂ ಅಂಗೈಗಳನ್ನು ಅದರ ಮೇಲೆ ಊರಿ ನಿಂತೆ. ಒಳಗೆ ಮೊದಲ ಪೆಟ್ಟು ಬಿತ್ತು. ಕಾದೆ. ಮೇಜಿಗೆ ಏನೂ ಬರಲಿಲ್ಲ. ಕಲ್ಲಿನ ಮೇಲೆ ಅಪ್ಪ ಮರೆತಿಟ್ಟಿದ್ದ ಲೋಟ ಮಾತ್ರ ಸಣ್ಣಗೆ ಮಿಡಿಯುತ್ತಿತ್ತು. ಅವತ್ತು ಮಾತ್ರವಲ್ಲ, ಈಗಲೂ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ನಾನು ಹೀಗೆ ಒಮ್ಮೆ ಮೇಜನ್ನು ಮುಟ್ಟಿ ನೋಡಿಯೇ ಹೋಗುತ್ತೇನೆ.